ಕಾಟಾ ಬೋರ್ಡಿನ ಕೆಂಪು ಅಂಕಿ ಗಡಿಯಾರ ಆದಾಗ

ಇವತ್ತಿನ ಸಂಚಿಕೆ ಕೆಂಪು ಅಂಕಿಗಳ ಬಗ್ಗೆ. ಬಳ್ಳಾರಿ ಕಡೆಯವರಿಗೆ ಇವನ್ನ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಸಿರುಗುಪ್ಪದ ರೈಸ್ ಮಿಲ್ಲಿಗೆ ಭತ್ತ ಬರಲಿ, ಕುರುಗೋಡು ಕಡೆಯಿಂದ ಮೆಣಸಿನಕಾಯಿ ಹೊರಡಲಿ, ಸಂಡೂರಿನಿಂದ ಅದಿರಿನ ಲಾರಿ ಇಳಿಯಲಿ, ವೇಬ್ರಿಡ್ಜ್ ಹತ್ತಲೇಬೇಕು. ಹತ್ತಿದ ತಕ್ಷಣ ಡ್ರೈವರ್ ಕಣ್ಣು ಹೋಗೋದು ಆ ಬೋರ್ಡಿನ ಕಡೆಗೇ.

ಇಂಥ ಹಳೇ ಡಿಸ್‌ಪ್ಲೇಗಳನ್ನ ಗುಜರಿಯಿಂದ ತಂದು ಗಡಿಯಾರ ಮಾಡೋದು ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಹಳೇ ಹುಚ್ಚು. ಅವರಲ್ಲಿ ಹೆಚ್ಚು ಮರ್ಯಾದೆ ನಿಕ್ಸಿ ಟ್ಯೂಬಿಗೆ. 1955ರಲ್ಲಿ ಅಮೆರಿಕದ ಬರೋಸ್ ಕಂಪನಿ ಮಾರುಕಟ್ಟೆಗೆ ತಂದದ್ದು. ಗಾಜಿನ ಬುರುಡೆಯೊಳಗೆ ನಿಯಾನ್ ಅನಿಲ, ಅದರಲ್ಲಿ ಒಂದರ ಹಿಂದೆ ಒಂದು ಹತ್ತು ತಂತಿ ಅಂಕಿ. ಸುಮಾರು 170 ವೋಲ್ಟ್ ಕೊಟ್ಟರೆ ಬೇಕಾದ ಅಂಕಿ ಕೆಂಡದ ಬಣ್ಣದಲ್ಲಿ ಹೊಳೆಯುತ್ತೆ. ಸುಂದರ, ಆದರೆ ಕೈ ತಾಗಿದರೆ ಕಥೆ ಬೇರೆ! 1970ರ ದಶಕದಲ್ಲಿ ಎಲ್‌ಇಡಿ ಅಗ್ಗ ಆದ ಮೇಲೆ ನಿಕ್ಸಿ ಹಿಂದಕ್ಕೆ ಸರಿಯಿತು. ಏಳು ಗೆರೆ, ಐದು ವೋಲ್ಟ್, ಅಷ್ಟೇ. ಏಳೂ ಹೊತ್ತಿದರೆ ಎಂಟು, ನಡುವಿನದು ಆರಿದರೆ ಸೊನ್ನೆ.

ಈಗ ನನಗೆ ಹೆಚ್ಚು ಇಷ್ಟವಾದ ಭಾಗಕ್ಕೆ ಬರ್ತೀನಿ. ಆಗಿನ ಬಹಳಷ್ಟು ಎಲ್‌ಇಡಿ ಗಡಿಯಾರಗಳಿಗೆ ಸ್ವಂತ ನಾಡಿ ಅನ್ನೋದೇ ಇರಲಿಲ್ಲ. ಗೋಡೆಯ ಪ್ಲಗ್ಗಿನಿಂದ ಬರೋ ಕರೆಂಟಿನ ಅಲೆಗಳನ್ನೇ ಎಣಿಸೋವು. 50 ಅಲೆ ಆದರೆ ಒಂದು ಸೆಕೆಂಡ್. ಅಮೆರಿಕದಲ್ಲಿ ಸೆಕೆಂಡಿಗೆ 60 ಅಲೆ. ಅಲ್ಲಿಂದ ಯಾರಾದರೂ ತಂದುಕೊಟ್ಟ ಗಡಿಯಾರಕ್ಕೆ 50ರ ಲೆಕ್ಕ ಹೇಳಿಕೊಡದೆ ಇಲ್ಲಿ ಪ್ಲಗ್ ಹಾಕಿದರೆ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳ್ತಿತ್ತು.

ಸರಿ, 50ರ ಲೆಕ್ಕ ಹೇಳಿಕೊಟ್ಟಿದ್ದೀವಿ ಅನ್ನಿ. ಆದರೆ ನಮ್ಮ ಕರೆಂಟು ಎಲ್ಲಿ 50 ಇತ್ತು? 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ಡಿನಲ್ಲಿ ಬೇಡಿಕೆ ಏರಿದಾಗ ಅದು 49ಕ್ಕಿಂತ ಕೆಳಗೆ ಇಳಿಯೋದು ಮಾಮೂಲಿ. ಉತ್ಪಾದನೆ ಸಾಲದೇ ಇದ್ದರೆ ಜನರೇಟರುಗಳು ಏದುಸಿರು ಬಿಟ್ಟು ನಿಧಾನ ಆಗ್ತವೆ. ದಿನವಿಡೀ 49 ಇದ್ದರೆ ಗಡಿಯಾರ ದಿನಕ್ಕೆ ಹತ್ತಿರ ಹತ್ತಿರ 29 ನಿಮಿಷ ಹಿಂದೆ. ಮೇಲಿಂದ ಲೋಡ್ ಶೆಡ್ಡಿಂಗ್. ಕರೆಂಟ್ ಬಂದ ಮೇಲೆ 12:00 ಅಂತ ಮಿಣಮಿಣ ಅಂತಿತ್ತಲ್ಲ, ನೆನಪಿರಬೇಕು ನಿಮಗೆ.

2003ರ ಜನವರಿಯಲ್ಲಿ ದಕ್ಷಿಣಕ್ಕೆ ಹೊಸ ದರ ಪದ್ಧತಿ ಬಂತು. ಆವರ್ತನ ಕುಸಿದಾಗ ನಿಗದಿಗಿಂತ ಜಾಸ್ತಿ ಎಳೆದುಕೊಂಡ ರಾಜ್ಯ ಜಾಸ್ತಿ ದುಡ್ಡು ಕಟ್ಟಬೇಕು. ಪರಿಸ್ಥಿತಿ ಸುಧಾರಿಸಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ಡಿಗೆ ಸೇರಿತು. ಕುಡತಿನಿಯ ಥರ್ಮಲ್ ಸ್ಟೇಷನ್ನಿನ ಟರ್ಬೈನು ನಿಮಿಷಕ್ಕೆ 3000 ಸುತ್ತು, ಅಂದ್ರೆ ಸೆಕೆಂಡಿಗೆ 50, ಸುತ್ತುತ್ತೆ. ಅಲೆ ಎಣಿಸೋ ಗಡಿಯಾರ ಸಿರುಗುಪ್ಪದ ಮನೆಯಲ್ಲಿದ್ದರೂ ಅದು ಆ ಟರ್ಬೈನಿನ ಹೆಜ್ಜೆಗೇ ಹೆಜ್ಜೆ ಹಾಕ್ತಿರುತ್ತೆ.

ಈಗ ಗಡಿಯಾರ ಮಾಡೋರು ಈ ಅಲೆಗಳನ್ನ ನೆಚ್ಚಿಕೊಳ್ಳಲ್ಲ. ಸೆಕೆಂಡಿಗೆ 32,768 ಸಲ ಕಂಪಿಸೋ ಪುಟ್ಟ ಕ್ವಾರ್ಟ್ಜ್ ಹರಳು, ಒಂದು ನಾಣ್ಯದಂಥ ಸೆಲ್ಲು ಸಾಕು. ಕರೆಂಟ್ ಹೋದರೂ ಟೈಮ್ ತಪ್ಪಲ್ಲ.

ಮತ್ತೆ ಕಾಟಾ ಬೋರ್ಡಿಗೆ ಬರೋಣ. ಬಳ್ಳಾರಿಯಲ್ಲಿ ಈ ಅಂಕಿಗಳಿಗೆ ಒಂದು ಕಹಿ ಚರಿತ್ರೆ ಐತಿ. 2011ರ ಜುಲೈನಲ್ಲಿ ಬಂದ ಲೋಕಾಯುಕ್ತ ವರದಿಯಲ್ಲಿ ಪರ್ಮಿಟ್ಟಿಗಿಂತ ಜಾಸ್ತಿ ಅದಿರು ಹೇರಿದ ಲಾರಿಗಳ ಲೆಕ್ಕವೂ ಇತ್ತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅದಿರಿನ ಲಾರಿ ನಿಂತರೆ ಡ್ರೈವರು, ಕ್ಲೀನರು, ಟಯರ್ ಅಂಗಡಿ, ಢಾಬಾ, ಎಲ್ಲರ ಹೊಟ್ಟೆಗೂ ಏಟು. ಹಾಗಂತ ಬೋರ್ಡನ್ನ ಬೈದು ಪ್ರಯೋಜನ ಇಲ್ಲ. ತೂಕ ಅಳೆಯೋದು ಅದಲ್ಲ. ಕೆಳಗಿರೋ ಲೋಡ್ ಸೆಲ್ ಅಳೆದು, ಒಳಗಿನ ಇಂಡಿಕೇಟರ್ ಲೆಕ್ಕ ಹಾಕಿ ಕಳಿಸಿದ್ದನ್ನ ಬೋರ್ಡು ತೋರಿಸುತ್ತೆ. ಏನು ಕಳಿಸಿದರೂ ತೋರಿಸುತ್ತೆ.

ಹವ್ಯಾಸಿಗೆ ಅನುಕೂಲ ಆಗೋದೂ ಇದರಿಂದಲೇ. ಇಂಥ ಹೊರಬೋರ್ಡುಗಳಿಗೆ ತೂಕ ಹೋಗೋದು ಸಾಮಾನ್ಯವಾಗಿ ಒಂದು ಸೀರಿಯಲ್ ತಂತಿಯಲ್ಲಿ, ಅಕ್ಷರದ ಹಿಂದೆ ಅಕ್ಷರವಾಗಿ. ಬೋರ್ಡ್ ಬಿಚ್ಚಬೇಕಾಗಿಲ್ಲ. ಆ ತಂತಿಗೆ ಆರ್ಡುಯಿನೋ ಥರದ ಚಿಕ್ಕ ಸರ್ಕ್ಯೂಟ್ ಜೋಡಿಸಿ, ತೂಕ ಕಳಿಸೋ ಧಾಟಿಯಲ್ಲೇ ಟೈಮ್ ಕಳಿಸಿದರೆ ಆಯ್ತು. ಆರು ಅಂಕಿಯಲ್ಲಿ ಗಂಟೆ, ನಿಮಿಷ, ಸೆಕೆಂಡ್ ಸರಿಯಾಗಿ ಕೂರ್ತವೆ. ನಾವು ಹತ್ತೂವರೆ ದಾಟಿ 45 ಸೆಕೆಂಡ್ ಅಂತ ಓದ್ತೀವಿ, ಬೋರ್ಡಿನ ಲೆಕ್ಕದಲ್ಲಿ ಅದು 1,03,045 ಕಿಲೋ.

ತೊಡಕು ಬರೋದು ನಡುರಾತ್ರಿ. ತೂಕದ ಬೋರ್ಡುಗಳು ಮುಂದಿನ ಸೊನ್ನೆಗಳನ್ನ ಆರಿಸಿಬಿಡೋದುಂಟು. ರಾತ್ರಿ ಹನ್ನೆರಡು ಗಂಟೆ ಏಳು ನಿಮಿಷ ಮೂವತ್ತು ಸೆಕೆಂಡಿಗೆ ಬರೀ 730 ಅಂತ ಕಾಣುತ್ತೆ. ಸರಿಯಾಗಿ ಹನ್ನೆರಡಕ್ಕೆ ಒಂದೇ ಒಂದು ಸೊನ್ನೆ, ಖಾಲಿ ಕಾಟಾ ಥರ. ಹನ್ನೆರಡು ಗಂಟೆಯ ಪದ್ಧತಿಯಲ್ಲಿ ಟೈಮ್ ಕಳಿಸಿದರೆ ಈ ತಾಪತ್ರಯ ಇಲ್ಲ.