ಶಾಲಾ ಸಂಸತ್ತು: ಪೋಷಕರ ಮಾಹಿತಿಗಾಗಿ

ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮಕ್ಕಳನ್ನು ದಾಖಲಿಸುವ ಪೋಷಕರ ಅವಗಾಹನೆಗಾಗಿ ಶಾಲಾ ಸಂಸತ್ತಿನ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

1. ಉದ್ದೇಶ: ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯನ್ವಯ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ತಿಳಿಸುವ ಹಕ್ಕು ಮಗುವಿಗಿದೆ. ಶಾಲಾ ಸಂಸತ್ತು ಈ ಹಕ್ಕನ್ನು ರೂಢಿಗೆ ತರುವ ವ್ಯವಸ್ಥೆಯಾಗಿರುತ್ತದೆ.

2. ಆಯ್ಕೆ: ನಾಮಪತ್ರ ಸಲ್ಲಿಕೆ, ಪ್ರಚಾರ, ಗುಪ್ತ ಮತದಾನ, ಮತ ಎಣಿಕೆ ಹಾಗೂ ಪ್ರಮಾಣ ವಚನ ಇದರ ಹಂತಗಳು. ಹೆಚ್ಚು ಅಂಕ ಪಡೆದವರನ್ನು ಶಿಕ್ಷಕರೇ ನೇಮಿಸಿದಲ್ಲಿ ಸಂಸತ್ತಿನ ಉದ್ದೇಶ ಈಡೇರುವುದಿಲ್ಲ. ಚುನಾಯಿತರಿಗೆ ಆಹಾರ, ಆರೋಗ್ಯ, ಸ್ವಚ್ಛತೆ, ಗ್ರಂಥಾಲಯ, ಕ್ರೀಡೆ ಮುಂತಾದ ಖಾತೆಗಳನ್ನು ಹಂಚಲಾಗುತ್ತದೆ.

3. ಕಾರ್ಯವಿಧಾನ: ಶೌಚಾಲಯದಲ್ಲಿ ನೀರಿಲ್ಲದಿರುವುದು, ಬಿಸಿಯೂಟದಲ್ಲಿನ ಲೋಪ ಮೊದಲಾದ ಕೊರತೆಗಳನ್ನು ಮಕ್ಕಳು ಸಭೆಯಲ್ಲಿ ಚರ್ಚಿಸಿ, ನಡವಳಿ ಪುಸ್ತಕದಲ್ಲಿ ದಾಖಲಿಸಿ, ಮುಖ್ಯ ಶಿಕ್ಷಕರ ಮೂಲಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಗಮನಕ್ಕೆ ತರಬಹುದು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಗ್ರಾಮೀಣ ಮಕ್ಕಳು ಇವುಗಳನ್ನು ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿಯೂ ಮಂಡಿಸಬಹುದು. ಬೇಡಿಕೆಗೆ ಉತ್ತರವೇ ದೊರೆಯದಿದ್ದಲ್ಲಿ ಮತದಾನದ ಮೇಲೆ ಮಕ್ಕಳಿಗಿರುವ ನಂಬಿಕೆ ಕುಂದುವುದರಿಂದ, ಆಗದ ಕೆಲಸಕ್ಕೂ ಕಾರಣ ತಿಳಿಸುವುದು ಅವಶ್ಯಕ.

4. ಪೋಷಕರ ಪಾತ್ರ: ಹೆಣ್ಣುಮಕ್ಕಳೂ ಸೇರಿದಂತೆ ಎಲ್ಲ ಮಕ್ಕಳನ್ನು ಸ್ಪರ್ಧಿಸಲು ಉತ್ತೇಜಿಸುವುದು, ನಡವಳಿಯಲ್ಲಿನ ಬೇಡಿಕೆಗಳು ಏನಾದವೆಂದು ಸಮಿತಿಯ ಸಭೆಯಲ್ಲಿ ವಿಚಾರಿಸುವುದು.

ಹೆಚ್ಚಿನ ಮಾಹಿತಿಗಾಗಿ ಶಾಲೆಯ ಮುಖ್ಯ ಶಿಕ್ಷಕರನ್ನು ಅಥವಾ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.