ತೆಂಗಿನ ಸೀಮೆಯಲ್ಲಿ ಜೀವರಕ್ಷಕ ಪ್ರಥಮ ಚಿಕಿತ್ಸೆ: ಒಂದು ಚಾರಿತ್ರಿಕ ನೋಟ

ತುರುವೇಕೆರೆ ತಾಲ್ಲೂಕಿನ ಮಾಯಸಂದ್ರ ಹೋಬಳಿಯಲ್ಲಿ ಜೀವಕ್ಕೆ ಎರವಾಗುವ ಅವಘಡಗಳು ಹೆಚ್ಚಾಗಿ ನಡೆಯುವುದು ಊರ ಬೀದಿಯಲ್ಲಲ್ಲ, ತೋಟದಲ್ಲಿ. ಕಾಯಿ ಕೀಳಲು ಹತ್ತಿದವರು ಬೀಳುತ್ತಾರೆ. ಒದ್ದೆ ಕೈಯಲ್ಲಿ ಮೋಟರಿನ ಸ್ಟಾರ್ಟರ್ ಮುಟ್ಟಿದವರಿಗೆ ಕರೆಂಟು ಹೊಡೆಯುತ್ತದೆ. ಕೆರೆ, ನಾಲೆ, ಕೃಷಿ ಹೊಂಡಗಳಲ್ಲಿ ಮಕ್ಕಳು ಮುಳುಗುತ್ತಾರೆ. ಹೃದಯ ನಿಂತ ನಾಲ್ಕೈದು ನಿಮಿಷದಲ್ಲಿ ಮಿದುಳು ಹಾಳಾಗತೊಡಗುತ್ತದೆ. ಅಷ್ಟರೊಳಗೆ ಯಾವ ಆಂಬುಲೆನ್ಸೂ ತೋಟದ ಮನೆ ಮುಟ್ಟಲಾರದು. ಆದ್ದರಿಂದ ಮೊದಲ ಚಿಕಿತ್ಸೆ ಪಕ್ಕದಲ್ಲಿದ್ದವರದೇ. ಈ ಮಾತನ್ನು ವೈದ್ಯಲೋಕ ಒಪ್ಪಿಕೊಳ್ಳಲು ಇನ್ನೂರು ವರ್ಷ ಹಿಡಿಯಿತು.

ಆರಂಭ ನೀರಿನಿಂದ. ಕಾಲುವೆಗಳ ಊರಾದ ಆಮ್‌ಸ್ಟರ್‌ಡಾಮಿನಲ್ಲಿ ಮುಳುಗಿದವರನ್ನು ಬದುಕಿಸಲೆಂದೇ 1767ರಲ್ಲಿ ಒಂದು ಸಂಘ ಹುಟ್ಟಿತು. 1774ರಲ್ಲಿ ಲಂಡನ್ನಿನಲ್ಲಿ ಇನ್ನೊಂದು. ಆಗಿನ ಉಪಾಯಗಳಲ್ಲಿ ಪೀಪಾಯಿಯ ಮೇಲೆ ಉರುಳಿಸುವುದೂ ತಂಬಾಕಿನ ಹೊಗೆ ಊದುವುದೂ ಸೇರಿದ್ದವು. ಮುಳುಗಿದವನನ್ನು ತಲೆಕೆಳಗಾಗಿ ಹಿಡಿದು ಹೊಟ್ಟೆ ಅಮುಕುವ ನಮ್ಮ ಹಳ್ಳಿಗಳ ರೂಢಿಯನ್ನು ಬರೀ ಅಜ್ಞಾನವೆಂದು ಹೀಗಳೆಯುವವರು ಈ ಚರಿತ್ರೆಯನ್ನು ಓದಬೇಕು. ಬದುಕಿಸಲೇಬೇಕೆಂಬ ತವಕ ಎರಡೂ ಕಡೆ ಒಂದೇ, ದಾರಿ ತಿಳಿದಿರಲಿಲ್ಲ. 1903ರಲ್ಲಿ ಶರೀರವಿಜ್ಞಾನಿ ಷೇಫರ್ ಸೂಚಿಸಿದ, ಬೋರಲು ಮಲಗಿಸಿ ಬೆನ್ನು ಒತ್ತುವ ಕ್ರಮ ದಶಕಗಳ ಕಾಲ ಪ್ರಥಮ ಚಿಕಿತ್ಸೆಯ ಪಾಠವಾಗಿತ್ತು. 1950ರ ದಶಕದಲ್ಲಿ ವೈದ್ಯರಾದ ಜೇಮ್ಸ್ ಎಲಾಮ್ ಮತ್ತು ಪೀಟರ್ ಸಾಫರ್ ಅದಕ್ಕಿಂತ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದೇ ಮೇಲೆಂದು ತೋರಿಸಿಕೊಟ್ಟರು.

ಎದೆ ಒತ್ತುವ ವಿಧಾನದ ಮೂಲ ಮಾತ್ರ ವಿದ್ಯುತ್ತಿನಲ್ಲಿದೆ. ಪಂಪ್‌ಸೆಟ್ಟನ್ನೇ ನಂಬಿದ ನಮ್ಮ ಸೀಮೆಗೆ ಇದು ಹತ್ತಿರದ ಕಥೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವಿದ್ಯುದಾಘಾತಕ್ಕೆ ಸಿಕ್ಕವರ ಹೃದಯದ ಬಗ್ಗೆ ಸಂಶೋಧನೆಗೆ ತೊಡಗಿದ್ದ ವಿಲಿಯಂ ಕೌವೆನ್‌ಹೋವೆನ್ ವೈದ್ಯರಲ್ಲ, ಎಂಜಿನಿಯರ್. ನಾಯಿಗಳ ಮೇಲಿನ ಪ್ರಯೋಗದಲ್ಲಿ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರದ ಹಿಡಿಗಳನ್ನು ಎದೆಗೆ ಒತ್ತಿದಾಗಲೇ ರಕ್ತದ ಒತ್ತಡ ಏರುವುದು ಅವರ ಶಿಷ್ಯ ಗೈ ನಿಕರ್‌ಬಾಕರ್ ಕಣ್ಣಿಗೆ ಬಿತ್ತು. ಇವರಿಬ್ಬರೂ ಶಸ್ತ್ರಚಿಕಿತ್ಸಕ ಜೇಮ್ಸ್ ಜೂಡ್ ಅವರೂ 1960ರಲ್ಲಿ ಪ್ರಕಟಿಸಿದ ಲೇಖನದ ತಿರುಳು ಇಷ್ಟೇ: ಎದೆ ಸೀಳಬೇಕಿಲ್ಲ, ಎರಡು ಕೈ ಸಾಕು. ಅದೇ ವರ್ಷ ನಾರ್ವೆಯ ಗೊಂಬೆ ತಯಾರಕ ಆಸ್ಮುಂಡ್ ಲೇರ್ಡಾಲ್ ಅಭ್ಯಾಸಕ್ಕೆಂದು ಆಳೆತ್ತರದ ಬೊಂಬೆ ಮಾಡಿದರು. ವಿದ್ಯೆ ಶಾಲೆಗೂ ಬಂತು. ಹನ್ನೆರಡು ವರ್ಷದಿಂದ, ಸಾಧ್ಯವಾದರೆ ಇನ್ನೂ ಮೊದಲೇ, ವರ್ಷಕ್ಕೆ ಎರಡು ಗಂಟೆ ಮಕ್ಕಳಿಗೆ ಇದನ್ನು ಕಲಿಸಬೇಕೆಂಬ ಕರೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಮ್ಮತಿಸಿತು. ಭಾರತದ ಅರಿವಳಿಕೆ ತಜ್ಞರು 2017ರಲ್ಲಿ ಜನಸಾಮಾನ್ಯರಿಗಾಗಿ ಎದೆ ಒತ್ತುವುದನ್ನಷ್ಟೇ ಉಳಿಸಿಕೊಂಡ ಸರಳ ಕ್ರಮವನ್ನು ಹೊರತಂದರು.

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಶುರುವಾಯಿತು. 2016ರ ಫೆಬ್ರುವರಿಯಲ್ಲಿ ನಮ್ಮದೇ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹರೀಶ್ ನೆಲಮಂಗಲದ ಬಳಿ ಅಪಘಾತಕ್ಕೀಡಾದರು. ಪ್ರಾಣ ಹೋಗುವ ಹೊತ್ತಿನಲ್ಲೂ ತಮ್ಮ ಅಂಗಾಂಗಗಳನ್ನು ದಾನ ಮಾಡುವಂತೆ ಬೇಡಿದರು. ಅಪಘಾತದ ಮೊದಲ 48 ಗಂಟೆಯ ಉಚಿತ ಚಿಕಿತ್ಸೆಯ ಸಾಂತ್ವನ ಯೋಜನೆಗೆ ಅವರ ಹೆಸರಿಡಲಾಯಿತು. ನೆರವಿಗೆ ಬಂದವರನ್ನು ಕಾನೂನಿನ ತೊಡಕಿನಿಂದ ಕಾಪಾಡಲು ರಾಜ್ಯ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯ ನಿಂತು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ, ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ ಹೃದಯ ಜ್ಯೋತಿ ಯೋಜನೆ ಬಂತು. ಇವೆಲ್ಲ ಅಗತ್ಯವಾದವೇ. ಆದರೆ ಹಣ, ವಾಹನ, ಕಾನೂನುಗಳು ಬಂದಷ್ಟು ವೇಗವಾಗಿ ಕೈಗೆ ಕಸುಬು ಬಂದಿಲ್ಲವೆಂಬುದು ನನ್ನ ನಿಲುವು.

ಆ ಕಸುಬು ದೊಡ್ಡದೇನಲ್ಲ. ಕರೆಂಟು ಹಿಡಿದವರನ್ನು ಮುಟ್ಟುವ ಮುನ್ನ ಮೇನ್ ಸ್ವಿಚ್ ಆರಿಸಬೇಕು. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಫೋನ್ ಮಾಡಿಸಿ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ಎದೆಯ ನಡುವೆ ಅಂಗೈಯ ಬುಡವಿಟ್ಟು, ಮೇಲೊಂದು ಕೈ ಹೆಣೆದು, ಮೊಣಕೈ ಮಡಿಸದೆ ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ದಣಿದರೆ ಇನ್ನೊಬ್ಬರು ಮುಂದುವರಿಸಲಿ. ನೀರಲ್ಲಿ ಮುಳುಗಿದವರಿಗೆ, ಬಲ್ಲವರು ಉಸಿರನ್ನೂ ಕೊಡಬೇಕು. ಮರದಿಂದ ಬಿದ್ದು ಉಸಿರಾಡುತ್ತಿರುವವರನ್ನು ಮಾತ್ರ ಕೈಕಾಲು ಹಿಡಿದು ಎತ್ತಿ ಆಟೋಗೆ ಹಾಕುವಂತಿಲ್ಲ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಹಾಗೆ ಎತ್ತಿದ್ದೇ ಸೊಂಟದ ಕೆಳಗಿನ ಸ್ವಾಧೀನ ಕಸಿಯಬಹುದು. ಕುತ್ತಿಗೆ ಅಲುಗದಂತೆ ಹಿಡಿದು ಕಾಯಬೇಕು.

ಒತ್ತಲು ಬಲವಿಲ್ಲದ ಅಜ್ಜಿ ಫೋನಿನಲ್ಲಿ ತೋಟದ ದಾರಿ ಹೇಳಬಲ್ಲರು. ಮೂರನೇ ತರಗತಿಯ ಮಗು ರಸ್ತೆಗೆ ಓಡಿ ಆಂಬುಲೆನ್ಸನ್ನು ಕರೆತರಬಲ್ಲದು. ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘ, ಪ್ರೌಢಶಾಲೆಗಳ ಹೊಣೆ ಹೊತ್ತವರು ಈ ವರ್ಷವೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕರೆಸಿ, ಒಂದು ಮಧ್ಯಾಹ್ನ ಈ ಅಭ್ಯಾಸ ಮಾಡಿಸಲಿ.