ಪಿಷ್ಟವನ್ನು ಎಳೆಯಾಗಿಸುವ ಪ್ರಯತ್ನದ ಇತಿಹಾಸ

ನೇಕಾರಿಕೆಯಲ್ಲಿ ಪಿಷ್ಟಕ್ಕೆ ಬಹುಕಾಲದಿಂದ ಇದ್ದ ಸ್ಥಾನ ಗಂಜಿಯದು: ಹಾಸಿನ ನೂಲು ಮಗ್ಗದ ಉಜ್ಜಾಟಕ್ಕೆ ಹರಿಯದಂತೆ ಕಾಪಾಡಿ, ಬಟ್ಟೆ ಇಳಿದ ಮೇಲೆ ತೊಳೆದುಹೋಗುವುದಷ್ಟೇ ಅದರ ಪಾಲಿಗೆ ಬಂದ ಕೆಲಸ. ಹೀಗೆ ನೂಲಿಗೆ ಸೇವಕನಾಗಿದ್ದ ಪಿಷ್ಟವನ್ನೇ ಎಳೆಯನ್ನಾಗಿ ಮಾಡಬೇಕೆಂಬ ಯೋಚನೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ್ದು. ಅದು ಮುಖ್ಯವಾಗಿ ಬೆಳೆದದ್ದು ಮಗ್ಗದ ಬಳಿಯಲ್ಲಲ್ಲ, ಎಳೆಗಳನ್ನು ಪದರವಾಗಿ ಹರಡಿ ಕಾವಿನಿಂದಲೋ ಅಂಟಿನಿಂದಲೋ ಒತ್ತಡದಿಂದಲೋ ಒಂದಕ್ಕೊಂದು ಹಿಡಿಸಿ ತಯಾರಿಸುವ ನಾನ್‌ವೋವನ್, ಅಂದರೆ ನೇಯದ ಬಟ್ಟೆಯ ಉದ್ಯಮದಲ್ಲಿ.

ಈ ಉದ್ಯಮದ ಅತಿ ಸೂಕ್ಷ್ಮ ಎಳೆಗಳ ಮೂಲವೂ ಜವಳಿ ಗಿರಣಿಯಲ್ಲಿಲ್ಲ. ಅಣ್ವಸ್ತ್ರ ಪರೀಕ್ಷೆಗಳಿಂದ ಮೇಲಿನ ವಾಯುಮಂಡಲ ಸೇರುತ್ತಿದ್ದ ವಿಕಿರಣಶೀಲ ಕಣಗಳನ್ನು ಹಿಡಿಯಬಲ್ಲ ಶೋಧಕವೊಂದು 1950ರ ದಶಕದಲ್ಲಿ ಅಮೆರಿಕದ ನೌಕಾಪಡೆಗೆ ಬೇಕಾಗಿತ್ತು. ಅದರ ಸಂಶೋಧನಾಲಯದಲ್ಲಿ ವ್ಯಾನ್ ವೆಂಟೆ ಮತ್ತು ಸಹೋದ್ಯೋಗಿಗಳು ಕರಗಿದ ಪ್ಲಾಸ್ಟಿಕ್ಕನ್ನು ಸಾಲುರಂಧ್ರಗಳಿಂದ ಹೊರದೂಡಿ, ಎರಡೂ ಬದಿಯಿಂದ ಬಿಸಿಗಾಳಿಯನ್ನು ರಭಸದಿಂದ ಹಾಯಿಸಿ, ಎಳೆಯನ್ನು ಮೈಕ್ರಾನ್ ಗಾತ್ರಕ್ಕೆ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ತೆಳುವಿಗೆ, ಎಳೆಯುವ ವಿಧಾನವನ್ನು ಕಂಡುಕೊಂಡರು. ಇದರ ವಿವರ 1954ರ ವರದಿಯಲ್ಲೂ 1956ರ ಪ್ರಬಂಧದಲ್ಲೂ ಪ್ರಕಟವಾಯಿತು. ಮೆಲ್ಟ್‌ಬ್ಲೋನ್ ಎಂದು ಹೆಸರಾದ ಈ ವಿಧಾನವನ್ನು ಟೆಕ್ಸಾಸಿನ ಬೇಟೌನ್‌ನಲ್ಲಿ ಎಕ್ಸಾನ್ ಕಂಪನಿ ಕಾರ್ಖಾನೆಯ ಮಟ್ಟಕ್ಕೆ ತಂದಿತು. ಕೊರೊನಾ ಕಾಲದಲ್ಲಿ ಜಗತ್ತು ಕೊರತೆ ಅನುಭವಿಸಿದ ಮಾಸ್ಕಿನ ನಡುಪದರ ಇದೇ ಬಗೆಯದು. ಆದರೆ ಇದಕ್ಕೆ ಒಗ್ಗಿದ ಪದಾರ್ಥ ಪಾಲಿಪ್ರೊಪಿಲೀನ್, ಅಂದರೆ ಪೆಟ್ರೋಲಿಯಂನಿಂದ ಬರುವ, ಮಣ್ಣಿನಲ್ಲಿ ಕೊಳೆಯದ ಪ್ಲಾಸ್ಟಿಕ್.

ಪಿಷ್ಟವನ್ನು ಪ್ಲಾಸ್ಟಿಕ್ಕಿಗೆ ಬೆರೆಸುವ ಕೆಲಸ ಬೇರೆಡೆ, ಬೇರೆ ಕಾರಣಕ್ಕೆ ಆರಂಭವಾಯಿತು. ಹೆಚ್ಚುವರಿ ಬೆಳೆಗೆ ಹೊಸ ಉಪಯೋಗ ಹುಡುಕುವುದಕ್ಕೆಂದೇ ಅಮೆರಿಕದ ಕೃಷಿ ಇಲಾಖೆ ಸ್ಥಾಪಿಸಿದ ಪಿಯೋರಿಯಾ ಪ್ರಯೋಗಾಲಯದಲ್ಲಿ, 1970ರ ದಶಕದ ತೈಲ ಬಿಕ್ಕಟ್ಟಿನ ಹೊತ್ತಿಗೆ, ಫೀಲಿಕ್ಸ್ ಓಟಿ ಮತ್ತು ಸಂಗಡಿಗರು ಮೆಕ್ಕೆಜೋಳದ ಪಿಷ್ಟವನ್ನು ಬೇಯಿಸಿ ಎಥಿಲೀನ್-ಅಕ್ರಿಲಿಕ್ ಆಮ್ಲದ ಪ್ಲಾಸ್ಟಿಕ್ಕಿನೊಡನೆ ಬೆರೆಸಿ ಹಾಳೆ ಮಾಡಿದರು. ಅದೇ ದಶಕದಲ್ಲಿ ಇಂಗ್ಲೆಂಡಿನ ಬ್ರೂನೆಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಗ್ರಿಫಿನ್ ಇನ್ನೂ ಸರಳವಾದ ದಾರಿ ಹಿಡಿದು, ಪಿಷ್ಟದ ಒಣ ಕಣಗಳನ್ನು ಇಡಿಯಾಗಿಯೇ ಪಾಲಿಎಥಿಲೀನಿನಲ್ಲಿ ಹುದುಗಿಸಿದರು. ಚೀಲಗಳಿಗೆ ಈ ದಾರಿ ಸಾಕಾಯಿತು. ಎಳೆಗೆ ಅದು ಮೊದಲ ಹೆಜ್ಜೆಯಲ್ಲೇ ಮುಚ್ಚಿತ್ತು. ಮೆಕ್ಕೆಜೋಳದ ಪಿಷ್ಟದ ಕಣ ಸುಮಾರು 15 ಮೈಕ್ರಾನ್ ಅಗಲವಿದ್ದು, ಬಿಸಿಗಾಳಿಯಲ್ಲಿ ಎಳೆದ ಎಳೆ ಎರಡರಿಂದ ಐದು ಮೈಕ್ರಾನ್ ಮಾತ್ರ ಇರುವಾಗ, ಎಳೆಗಿಂತ ದಪ್ಪನಾದ ಕಣವನ್ನು ಎಳೆಯೊಳಗೆ ಅಡಗಿಸುವುದು ಸಾಧ್ಯವೇ ಇರಲಿಲ್ಲ.

ಆದ್ದರಿಂದ ಕಣವನ್ನು ಒಡೆದು ಪಿಷ್ಟವನ್ನು ಕರಗುವ ಪದಾರ್ಥವನ್ನಾಗಿ ಮಾಡಬೇಕಾಯಿತು. ಒಣ ಪಿಷ್ಟ ಕಾಯಿಸಿದರೆ ಕರಗುವುದಕ್ಕೆ ಮೊದಲೇ ಸೀದುಹೋಗುತ್ತದೆ. ನೀರು ಅಥವಾ ಗ್ಲಿಸರಾಲ್ ಬೆರೆಸಿ, ಎಕ್ಸ್‌ಟ್ರೂಡರ್ ಎಂಬ ಯಂತ್ರದ ಬಿಸಿ ಕೊಳವೆಯೊಳಗೆ ತಿರುಪಿನಿಂದ ನಾದಿದರೆ ಮಾತ್ರ ಅದು ಕಣದ ರೂಪ ಬಿಟ್ಟು, ಕಾವಿಗೆ ಹರಿಯುವ ‘ಥರ್ಮೋಪ್ಲಾಸ್ಟಿಕ್ ಪಿಷ್ಟ’ವಾಗುತ್ತದೆ. 1980ರ ದಶಕದ ಕೊನೆಯ ಹೊತ್ತಿಗೆ ಇಟಲಿಯ ಮೊಂಟೆಡಿಸನ್ ಸಮೂಹದಲ್ಲಿ ಈ ದಿಕ್ಕಿನಲ್ಲಿ ನಡೆದ ಸಂಶೋಧನೆಯಿಂದ ನೊವಾಮಾಂಟ್ ಕಂಪನಿಯೂ, ಕಾಟಿಯಾ ಬಾಸ್ಟಿಯೋಲಿ ಅವರ ನೇತೃತ್ವದಲ್ಲಿ ಬೆಳೆದ ಮೇಟರ್-ಬಿ ಎಂಬ ಮಿಶ್ರಣವೂ ಹುಟ್ಟಿದವು. ಹಾಳೆಯ ಮಟ್ಟಿಗೆ ಪಿಷ್ಟ ಗೆದ್ದಿತೆಂದೇ ಹೇಳಬೇಕು.

ಎಳೆಯ ಕಷ್ಟ ಬೇರೆಯದು. ಮೆಕ್ಕೆಜೋಳದ ಪಿಷ್ಟದಲ್ಲಿ ನೇರ ಸರಪಳಿಯ ಅಮೈಲೋಸ್ ಸುಮಾರು ಕಾಲುಭಾಗವಿದ್ದರೆ, ಮುಕ್ಕಾಲು ಭಾಗ ಕೊಂಬೆಕೊಂಬೆಯಾಗಿ ಹರಡಿದ ಅಮೈಲೋಪೆಕ್ಟಿನ್. ನೇರ ಸರಪಳಿಗಳು ಒಂದರ ಮೇಲೊಂದು ಜಾರಿ ಉದ್ದವಾಗುತ್ತವೆ, ಕೊಂಬೆಯುಳ್ಳವು ಜಾರದೆ ತುಂಡಾಗುತ್ತವೆ. ಒರಳಿನಿಂದ ಇಳಿಯುವ ಶ್ಯಾವಿಗೆಯನ್ನು ಹಿಡಿದು ಜಗ್ಗಿದರೆ ಏನಾಗುವುದೋ, ಬಿಸಿಗಾಳಿಗೆ ಸಿಕ್ಕ ಪಿಷ್ಟಕ್ಕೂ ಅದೇ ಆಗುತ್ತಿತ್ತು. ಇನ್ನು ಒಳಗಿನ ನೀರು ರಂಧ್ರದ ಬಾಯಲ್ಲಿ ಆವಿಯಾಗಿ ಎಳೆಯನ್ನು ನೊರೆಯಾಗಿಸುವ ತೊಂದರೆ ಬೇರೆ. ನ್ಯಾಷನಲ್ ಸ್ಟಾರ್ಚ್ ಕಂಪನಿಯವರು 1970ರ ದಶಕದ ಕೊನೆಯಲ್ಲಿ ಕರಗಿಸುವ ಹಾದಿಯನ್ನೇ ಬಿಟ್ಟು, ಪಿಷ್ಟದ ದ್ರಾವಣವನ್ನು ಅಮೋನಿಯಂ ಸಲ್ಫೇಟಿನಂಥ ಲವಣದ ನೀರಿಗೆ ಇಳಿಸಿ ಎಳೆಯಾಗಿ ಗಟ್ಟಿಗೊಳಿಸುವ ಪೇಟೆಂಟು ಪಡೆದರು. ಅವರ ಕಣ್ಣಿದ್ದದ್ದು ಬಟ್ಟೆಯ ಮೇಲಲ್ಲ, ಕಾಗದದ ಮೇಲೆ.

ಕರಗಿಸಿ ಎಳೆಯುವ ಹಾದಿಗೆ ಬಲವಾಗಿ ಮರಳಿದವರು ಡೈಪರ್ ತಯಾರಕರಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್. 2000ರ ದಶಕದ ಆರಂಭದ ಅವರ ಪೇಟೆಂಟುಗಳಲ್ಲಿ ಪಿಷ್ಟದ ಅಣುಗಳನ್ನು ಮೊದಲೇ ತುಂಡರಿಸಿ ಕಿರಿದಾಗಿಸುವುದು, ಪಾಲಿಲ್ಯಾಕ್ಟಿಕ್ ಆಮ್ಲ ಅಥವಾ ಪಾಲಿಪ್ರೊಪಿಲೀನಿನೊಡನೆ ಬೆರೆಸುವುದು, ಪಿಷ್ಟದ ಮಿಶ್ರಣವನ್ನು ತಿರುಳಾಗಿಟ್ಟು ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಕೊಡುವುದು ಮುಂತಾದ ಉಪಾಯಗಳು ವಿವರವಾಗಿವೆ. ಹೀಗೆ ಬೆರೆಸಿದ, ಹೊದಿಸಿದ ಎಳೆಗೆ ಕಸುವು ಕೊಡುವುದು ಜೊತೆಯ ಪ್ಲಾಸ್ಟಿಕ್ಕೇ, ಪಿಷ್ಟವಲ್ಲ. ಡೈಪರಿನ ಚರಿತ್ರೆಯಲ್ಲಿ ಪಿಷ್ಟಕ್ಕೆ ಇಂಥ ಪಾಡು ಹೊಸತೂ ಅಲ್ಲ: ತನ್ನ ತೂಕದ ನೂರಾರು ಪಟ್ಟು ನೀರು ಹೀರುವ ಪುಡಿಯನ್ನು ಮೊದಲು ಪಿಷ್ಟಕ್ಕೆ ಕೃತಕ ಸರಪಳಿ ಕಸಿಮಾಡಿ ಪಿಯೋರಿಯಾದಲ್ಲೇ ತಯಾರಿಸಿದ್ದರು, ಉದ್ಯಮ ಮುಂದೆ ಪಿಷ್ಟವನ್ನು ಕೈಬಿಟ್ಟು ಕೃತಕ ಸರಪಳಿಯನ್ನಷ್ಟೇ ಉಳಿಸಿಕೊಂಡಿತು.

ಎಳೆ ಮಣ್ಣು ಸೇರಿದ ಮೇಲೂ ಫಲವನ್ನು ನಿರ್ಣಯಿಸುವುದು ಜೊತೆಗಿರುವ ಆ ಪ್ಲಾಸ್ಟಿಕ್ಕೇ. ಸಂಗಡ ಪಾಲಿಪ್ರೊಪಿಲೀನ್ ಇದ್ದರೆ ಸೂಕ್ಷ್ಮಜೀವಿಗಳು ಕೈಗೆಟುಕಿದ ಪಿಷ್ಟವನ್ನು ತಿಂದು ಪ್ಲಾಸ್ಟಿಕ್ಕಿನ ಚೂರುಗಳನ್ನು ಬಿಡುತ್ತವೆ. ಹೊದಿಕೆಯ ಎಳೆಯಲ್ಲಾದರೆ ತಿರುಳನ್ನು ತಲುಪುವುದೇ ಅವಕ್ಕೆ ಕಷ್ಟ. ಕೊಳೆಯದ ಈ ಪ್ಲಾಸ್ಟಿಕ್ಕಿನ ಪ್ರಶ್ನೆ ನಮ್ಮಲ್ಲೂ ಎದುರಾಯಿತು: ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ ಮೇಲೆ ಇಲ್ಲಿನ ಅಂಗಡಿಗಳಲ್ಲಿ ಬಟ್ಟೆಚೀಲವೆಂದು ಕೈಗೆ ಬಂದದ್ದು ಬಹುಪಾಲು ಪಾಲಿಪ್ರೊಪಿಲೀನಿನ ನೇಯದ ಚೀಲವೇ. ಕೇಂದ್ರದ 2021ರ ತಿದ್ದುಪಡಿ ನಿಯಮ ಚದರ ಮೀಟರಿಗೆ 60 ಗ್ರಾಂಗಿಂತ ಹಗುರವಾದ ಅಂಥ ಚೀಲಗಳನ್ನು ಸೆಪ್ಟೆಂಬರ್ 30ರಿಂದ ನಿಷೇಧಿಸಿತು. ಗೊಬ್ಬರವಾಗುವ ಪ್ಲಾಸ್ಟಿಕ್ ಎಂದು ಮಾರಬೇಕಾದರೆ ಪಿಷ್ಟ ಬೆರೆಸಿದ್ದೇವೆಂಬ ಹೇಳಿಕೆ ಸಾಲದು, ಇಡೀ ಪದಾರ್ಥ ಐಎಸ್ 17088 ಎಂಬ ಭಾರತೀಯ ಮಾನಕದ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು.